ತಪಾಸಣೆ ಹೆಚ್ಚು ನಡೆದ ಕಡೆ ಕಾಯಿಲೆಯೂ ಹೆಚ್ಚೇ? ಕೊಡಗಿನ ಉಪಕೇಂದ್ರಗಳ ಅಂಕಿಗಳನ್ನು ಹೇಗೆ ಓದಬೇಕು?

ಪ್ರಶ್ನೆ: ಗ್ರಾಮ ಪಂಚಾಯಿತಿ ಸದಸ್ಯೆ, ಮಡಿಕೇರಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಪಂಚಾಯಿತಿಯ ಕಳೆದ ಸಭೆಯಲ್ಲಿ ಆರೋಗ್ಯ ತಪಾಸಣೆಯ ಪಟ್ಟಿಯೊಂದನ್ನು ಓದಿದರು. ಮೂವತ್ತು ವರ್ಷ ತುಂಬಿದವರಲ್ಲಿ ಎಷ್ಟು ಮಂದಿಯ ರಕ್ತದೊತ್ತಡ ಮತ್ತು ಸಕ್ಕರೆಯ ಅಂಶವನ್ನು ನೋಡಲಾಗಿದೆ, ಎಷ್ಟು ಮಂದಿಗೆ ಕಾಯಿಲೆ ಇರುವುದು ಗೊತ್ತಾಗಿದೆ ಎಂಬ ವಿವರ ಅದರಲ್ಲಿ ಆರೋಗ್ಯ ಉಪಕೇಂದ್ರವಾರು ಇತ್ತು. ಪೇಟೆಗೆ ಹತ್ತಿರದ ಒಂದು ಉಪಕೇಂದ್ರದಲ್ಲಿ ತಪಾಸಣೆ ಬಹುಪಾಲು ಮುಗಿದಿದೆ ಮತ್ತು ಅಲ್ಲಿ ರೋಗಿಗಳ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಕಾಫಿ ತೋಟಗಳೂ ಲೈನ್ ಮನೆಗಳೂ (ತೋಟದ ಕಾರ್ಮಿಕರ ಸಾಲುಮನೆಗಳು) ಹೆಚ್ಚಿರುವ ಇನ್ನೊಂದು ಉಪಕೇಂದ್ರದಲ್ಲಿ ತಪಾಸಣೆಯಾದವರೂ ಕಡಿಮೆ, ರೋಗಿಗಳೂ ಕಡಿಮೆ.

ತೋಟದವರು ದಿನವಿಡೀ ಮೈಬಗ್ಗಿಸಿ ದುಡಿಯುವುದರಿಂದ ಅವರಿಗೆ ಬಿಪಿ, ಶುಗರ್ ಬರುವುದಿಲ್ಲ, ಕುಳಿತು ತಿನ್ನುವ ಪೇಟೆಯ ಸುತ್ತಲಿನವರಿಗೇ ಬರುವುದು, ಆದ್ದರಿಂದ ಮುಂದಿನ ಶಿಬಿರವನ್ನೂ ಅಲ್ಲಿಯೇ ನಡೆಸಬೇಕು ಎಂದು ಸಭೆಯಲ್ಲಿ ಹಲವರು ಹೇಳಿದರು. ಆ ಮಾತನ್ನು ಒಪ್ಪಲು ನನಗೆ ಮನಸ್ಸು ಬರಲಿಲ್ಲ, ಆದರೆ ಎದ್ದುನಿಂತು ವಿರೋಧಿಸುವಷ್ಟು ಲೆಕ್ಕವೂ ನನ್ನ ಬಳಿ ಇರಲಿಲ್ಲ. ಲೈನ್ ಮನೆಗಳಲ್ಲಿ ನಲವತ್ತರ ಆಸುಪಾಸಿನಲ್ಲಿಯೇ ಪಾರ್ಶ್ವವಾಯು ಹೊಡೆದು ಮಲಗಿದವರನ್ನು ನಾವೆಲ್ಲರೂ ಬಲ್ಲೆವು. ಅವರ ಹೆಸರುಗಳು ಈ ಪಟ್ಟಿಯ ಯಾವ ಅಂಕಣದಲ್ಲಿವೆ ಎಂಬುದು ನನ್ನ ಚಿಂತೆ.

ಆದ್ದರಿಂದ ತಿಳಿದವರನ್ನು ಕೇಳುತ್ತಿದ್ದೇನೆ. ಎರಡು ಪ್ರದೇಶಗಳ ರೋಗ ಪ್ರಮಾಣವನ್ನು ಹೋಲಿಸುವಾಗ ತಪಾಸಣೆಯ ವ್ಯಾಪ್ತಿಯನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು? ಪಂಚಾಯಿತಿಯ ಕೈಯಲ್ಲಿರುವ ಅಲ್ಪ ಹಣವನ್ನು ಎಲ್ಲಿ ಖರ್ಚು ಮಾಡಿದರೆ ಹೆಚ್ಚು ಜನರಿಗೆ ಉಪಯೋಗವಾದೀತು? ಇದಲ್ಲದೆ ಖಾಸಗಿ ಪ್ರಯೋಗಾಲಯವೊಂದು ರಿಯಾಯಿತಿ ದರದಲ್ಲಿ ಹಲವಾರು ರಕ್ತಪರೀಕ್ಷೆಗಳ ಪ್ಯಾಕೇಜ್ ಮಾಡಿಕೊಡುವುದಾಗಿ ಮುಂದೆ ಬಂದಿದೆ. ಅದನ್ನು ಒಪ್ಪಿಕೊಳ್ಳುವುದು ಸರಿಯೇ?

ಉತ್ತರ 1: ನಿವೃತ್ತ ವೈದ್ಯಾಧಿಕಾರಿ, ವಿರಾಜಪೇಟೆ

ಮೇಡಂ, ನಿಮ್ಮ ಅನುಮಾನ ಸರಿಯಾಗಿದೆ. ಪಟ್ಟಿಯಲ್ಲಿರುವುದು ಕಾಯಿಲೆಯ ಪ್ರಮಾಣವಲ್ಲ, ಪತ್ತೆಯಾದ ಕಾಯಿಲೆಯ ಪ್ರಮಾಣ. ಇವೆರಡೂ ಒಂದೇ ಆಗುವುದು ಎಲ್ಲರನ್ನೂ ಒಂದೇ ಕ್ರಮದಲ್ಲಿ ಪರೀಕ್ಷಿಸಿದಾಗ ಮಾತ್ರ. ನಮ್ಮ ಜಿಲ್ಲೆಯ ಬೆಳೆಗಾರರು ಮನೆಯಂಗಳದಲ್ಲಿ ಮಳೆಮಾಪಕ ಇಟ್ಟು ಇಂಚು, ಸೆಂಟಿನ ಲೆಕ್ಕದಲ್ಲಿ ಮಳೆ ಬರೆದಿಡುತ್ತಾರಷ್ಟೆ. ಮಾಪಕವಿಲ್ಲದ ಪಕ್ಕದ ತೋಟದ ಪುಸ್ತಕ ಖಾಲಿಯಿದೆಯೆಂದು ಅಲ್ಲಿ ಮಳೆಯೇ ಬೀಳಲಿಲ್ಲ ಎಂದು ಯಾರೂ ಹೇಳುವುದಿಲ್ಲ. ಸಭೆಯಲ್ಲಿ ನಡೆದ ವಾದ ಅದೇ ಬಗೆಯದು.

ಸಂಖ್ಯೆಯಲ್ಲಿಟ್ಟು ನೋಡಿ. ಇದು ಬರೀ ಉದಾಹರಣೆ, ಯಾವ ಊರಿನ ನಿಜವಾದ ಅಂಕಿಯೂ ಅಲ್ಲ. ಎರಡು ಕಡೆ ಮೂವತ್ತು ದಾಟಿದವರು ತಲಾ 1,000 ಮಂದಿ ಇದ್ದಾರೆ, ಎರಡೂ ಕಡೆ 300 ಮಂದಿಗೆ ನಿಜಕ್ಕೂ ರಕ್ತದೊತ್ತಡ ಇದೆ ಎಂದಿಟ್ಟುಕೊಳ್ಳೋಣ. ಮೊದಲನೆಯ ಕಡೆ 800 ಮಂದಿಯನ್ನು ಪರೀಕ್ಷಿಸಿದರೆ ಸುಮಾರು 240 ರೋಗಿಗಳು ಸಿಗುತ್ತಾರೆ, ಎರಡನೆಯ ಕಡೆ 300 ಮಂದಿಯನ್ನಷ್ಟೇ ಪರೀಕ್ಷಿಸಿದರೆ ಸುಮಾರು 90. ಪಟ್ಟಿ ಮಾಡುವವರು ಈ ಸಂಖ್ಯೆಗಳನ್ನು ಒಟ್ಟು ಜನರಿಂದ ಭಾಗಿಸಿದರೆ ಒಂದು ಕಡೆ ಶೇ 24, ಇನ್ನೊಂದು ಕಡೆ ಶೇ 9 ಎಂದು ಕಾಣುತ್ತದೆ. ಪರೀಕ್ಷೆಗೆ ಒಳಗಾದವರಿಂದ ಭಾಗಿಸಿದರೆ ಎರಡೂ ಕಡೆ ಶೇ 30. ಆದ್ದರಿಂದ ನೀವು ಕೇಳಬೇಕಾದ ಮೊದಲ ಪ್ರಶ್ನೆ, ರೋಗಿಗಳ ಸಂಖ್ಯೆಯನ್ನು ಯಾವುದರಿಂದ ಭಾಗಿಸಿದ್ದೀರಿ ಎಂಬುದು.

ಆದರೆ ಪರೀಕ್ಷೆಗೆ ಒಳಗಾದವರಿಂದ ಭಾಗಿಸಿದ ಮಾತ್ರಕ್ಕೆ ಲೆಕ್ಕ ಪೂರ್ತಿ ಸರಿಹೋಗುವುದಿಲ್ಲ, ಏಕೆಂದರೆ ತಪಾಸಣೆಗೆ ಬಂದವರು ಊರಿನ ಎಲ್ಲರನ್ನೂ ಹೋಲುವವರೇ ಆಗಿರಬೇಕೆಂದಿಲ್ಲ. ತಲೆಸುತ್ತು, ಸುಸ್ತು ಎಂದು ಆಗಲೇ ಕಷ್ಟಪಡುತ್ತಿದ್ದವರೇ ಹೆಚ್ಚಾಗಿ ಬಂದಿದ್ದರೆ ಪ್ರಮಾಣ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಹಗಲು ಹೊತ್ತು ಮನೆಯಲ್ಲಿ ಸಿಗುವ ಕಿರಿಯ ವಯಸ್ಸಿನ ಹೆಂಗಸರೇ ಹೆಚ್ಚಾಗಿ ಬಂದಿದ್ದರೆ ಕಡಿಮೆಯಾಗಿ ಕಾಣುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂಕಿಗಳನ್ನು ರಾಜ್ಯ ರಾಜ್ಯಗಳ ನಡುವೆ ಹೋಲಿಸಬಹುದಾದದ್ದು ಈ ಕಾರಣದಿಂದಲೇ. ಅವರು ತಾವಾಗಿ ಬಂದವರನ್ನು ಎಣಿಸಲಿಲ್ಲ, ಮಾದರಿಯಾಗಿ ಆರಿಸಿದ ಮನೆಗಳಿಗೆ ಹೋಗಿ ಒಂದೇ ವಿಧಾನದಲ್ಲಿ ಪರೀಕ್ಷಿಸಿದರು. ದೇಶದ ವಯಸ್ಕರಲ್ಲಿ ಶೇ 11.4 ಮಂದಿಗೆ ಮಧುಮೇಹ, ಶೇ 35.5 ಮಂದಿಗೆ ಅಧಿಕ ರಕ್ತದೊತ್ತಡ ಇದೆಯೆಂದು ಅದು ಕಂಡುಕೊಂಡಿತು. ಮಧುಮೇಹವು ಗೋವಾದಲ್ಲಿ ಶೇ 26.4, ಉತ್ತರ ಪ್ರದೇಶದಲ್ಲಿ ಶೇ 4.8 ಎಂದರೆ ಆ ಅಂತರವನ್ನು ನಂಬಬಹುದು. ಉಪಕೇಂದ್ರದ ಪಟ್ಟಿಯ ಅಂತರವನ್ನು ಹಾಗೆ ನಂಬಲಾಗದು.

ಎರಡನೆಯ ಸಂಗತಿ ವಯಸ್ಸು. ಕೊಡಗಿನ ಎಷ್ಟೋ ಊರುಗಳಲ್ಲಿ ಹಿರಿಯರು ಮನೆಯಲ್ಲಿದ್ದಾರೆ, ಮಕ್ಕಳು ಬೆಂಗಳೂರು, ಮೈಸೂರುಗಳಲ್ಲಿದ್ದಾರೆ. ಜಿಲ್ಲೆಯ ಜನಸಂಖ್ಯೆ 2001ರಲ್ಲಿ 5,48,561 ಇದ್ದದ್ದು 2011ರಲ್ಲಿ 5,54,519 ಆಯಿತು, ಅಂದರೆ ಹತ್ತು ವರ್ಷದಲ್ಲಿ ಶೇಕಡ ಒಂದಕ್ಕಿಂತ ತುಸುವಷ್ಟೇ ಹೆಚ್ಚು. ಅರವತ್ತರ ಕೆಳಗಿನವರಲ್ಲಿ ನೂರಕ್ಕೆ 10, ಮೇಲಿನವರಲ್ಲಿ ನೂರಕ್ಕೆ 40 ಮಂದಿಗೆ ಒಂದು ಕಾಯಿಲೆ ಇದೆ ಎಂದು ಭಾವಿಸಿ. ಸಾವಿರದಲ್ಲಿ 300 ಮಂದಿ ಹಿರಿಯರಿರುವ ಊರಿನಲ್ಲಿ 190 ರೋಗಿಗಳಿರುತ್ತಾರೆ, 100 ಮಂದಿ ಹಿರಿಯರಿರುವ ಊರಿನಲ್ಲಿ 130. ಯಾವ ವಯಸ್ಸಿನವರನ್ನು ತೆಗೆದುಕೊಂಡರೂ ಕಾಯಿಲೆಯ ಪ್ರಮಾಣ ಎರಡು ಊರುಗಳಲ್ಲೂ ಒಂದೇ ಆಗಿದ್ದರೂ ಮೊದಲನೆಯದು ರೋಗಿಷ್ಠ ಊರಿನಂತೆ ಕಾಣುತ್ತದೆ. ಆದ್ದರಿಂದ 30ರಿಂದ 44, 45ರಿಂದ 59, 60 ಮತ್ತು ಮೇಲೆ ಎಂದು ಬೇರೆ ಬೇರೆ ಸಾಲುಗಳಲ್ಲಿ ಕೇಳಿ ಪಡೆಯುವುದು ಒಳ್ಳೆಯದು.

ಮೂರನೆಯದು ಸಣ್ಣ ಸಂಖ್ಯೆಗಳ ತೊಂದರೆ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ ಉಪಕೇಂದ್ರವೊಂದಕ್ಕೆ 3,000 ಜನ ಎಂಬುದು ಸರ್ಕಾರದ ಮಾನದಂಡ. ಇಷ್ಟು ಚಿಕ್ಕ ಪ್ರದೇಶದಲ್ಲಿ ಬಾಯಿಯ ಕ್ಯಾನ್ಸರ್ ಒಂದು ವರ್ಷ ಒಬ್ಬರಿಗೆ, ಮರುವರ್ಷ ಇಬ್ಬರಿಗೆ ಕಂಡರೆ ಕಾಯಿಲೆ ದ್ವಿಗುಣವಾಯಿತು ಎನ್ನುವುದು ಅರ್ಥವಿಲ್ಲದ ಮಾತು. ಬಿಪಿ, ಶುಗರ್‌ಗಳನ್ನು ಉಪಕೇಂದ್ರದ ಮಟ್ಟದಲ್ಲಿ ನೋಡಬಹುದು, ಕ್ಯಾನ್ಸರನ್ನು ತಾಲ್ಲೂಕು ಅಥವಾ ಜಿಲ್ಲೆಯ ಮಟ್ಟದಲ್ಲಿ, ಅದೂ ಹಲವು ವರ್ಷಗಳನ್ನು ಕೂಡಿಸಿ ನೋಡಬೇಕು.

ಕೊನೆಯದಾಗಿ ಒಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. 2017-18ರ ರಾಷ್ಟ್ರೀಯ ಅಸಾಂಕ್ರಾಮಿಕ ರೋಗಗಳ ಸಮೀಕ್ಷೆಯ ಪ್ರಕಾರ ದೇಶದಲ್ಲಿ ರಕ್ತದೊತ್ತಡ ಇರುವವರಲ್ಲಿ ಶೇ 27.9 ಮಂದಿಗೆ ಮಾತ್ರ ತಮಗೆ ಕಾಯಿಲೆ ಇದೆಯೆಂಬುದು ಗೊತ್ತಿತ್ತು, ಶೇ 14.5 ಮಂದಿ ಚಿಕಿತ್ಸೆಯಲ್ಲಿದ್ದರು, ಶೇ 12.6 ಮಂದಿಗೆ ಅದು ಹತೋಟಿಯಲ್ಲಿತ್ತು. ಪಾರ್ಶ್ವವಾಯುವಿನಿಂದ ಮಲಗಿದ ಆ ಲೈನ್ ಮನೆಯವರು ಪಟ್ಟಿಯ ಯಾವ ಅಂಕಣದಲ್ಲಿದ್ದಾರೆ ಎಂದು ಕೇಳಿದ್ದೀರಲ್ಲ, ಅವರಲ್ಲಿ ಹೆಚ್ಚಿನವರು ಗೊತ್ತೇ ಇಲ್ಲದ ಆ ಉಳಿದ ಮುಕ್ಕಾಲು ಪಾಲಿನಲ್ಲಿ ಇದ್ದಿರಬೇಕು. ತಪಾಸಣೆ ಕಡಿಮೆಯಾದ ಕಡೆಯ ಸಣ್ಣ ಅಂಕಿಯನ್ನು ನೋಡಿ ಸಮಾಧಾನಪಟ್ಟುಕೊಳ್ಳುವುದು ನನ್ನ ಪ್ರಕಾರ ಅನ್ಯಾಯ. ಅಲ್ಲಿಗೇ ಮೊದಲು ಹೋಗಬೇಕು.

ಉತ್ತರ 2: ಸಮುದಾಯ ಆರೋಗ್ಯಾಧಿಕಾರಿ, ಸಿದ್ದಾಪುರ ಭಾಗ

ಡಾಕ್ಟರ್ ಸರ್ ಲೆಕ್ಕದ ಭಾಗವನ್ನು ಸ್ಪಷ್ಟವಾಗಿ ಬರೆದಿದ್ದಾರೆ. ತೋಟಗಳ ನಡುವೆ ಕೆಲಸ ಮಾಡುವವಳಾಗಿ ಆ ಅಂಕಿ ಏಕೆ ಚಿಕ್ಕದಾಗಿ ಉಳಿಯುತ್ತದೆ ಎಂಬುದನ್ನು ನಾನು ಹೇಳುತ್ತೇನೆ.

ಮೂವತ್ತು ದಾಟಿದ ಪ್ರತಿಯೊಬ್ಬರದೂ ಒಂದು ಅರ್ಜಿಯನ್ನು ಆಶಾ ಕಾರ್ಯಕರ್ತೆ ಮನೆಗೆ ಹೋಗಿ ತುಂಬುತ್ತಾರೆ. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ಮನೆತನದಲ್ಲಿ ಯಾರಿಗಾದರೂ ಕಾಯಿಲೆ ಇದೆಯೇ ಎಂಬುದಕ್ಕೆ ಅಂಕ ಕೊಡಲಾಗುತ್ತದೆ. ಒಟ್ಟು ಅಂಕ ನಾಲ್ಕನ್ನು ಮೀರಿದವರನ್ನು ಮೊದಲು ತಪಾಸಣೆಗೆ ಕರೆಯಬೇಕು, ಆದರೆ ನಾಲ್ಕರೊಳಗಿದ್ದವರಿಗೂ ತಪಾಸಣೆ ಆಗಲೇಬೇಕು. ಇದೆಲ್ಲವೂ ಆರಂಭವಾಗುವುದು ಮನೆಪಟ್ಟಿಯಿಂದ. ಲೈನ್ ಮನೆಯಲ್ಲಿ ತೊಂದರೆ ಆರಂಭವಾಗುವುದೂ ಅಲ್ಲಿಂದಲೇ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕುಟುಂಬವೊಂದು ಅರೇಬಿಕಾ ಕುಯ್ಲಿನ ಹೊತ್ತಿಗೆ ಒಂದು ತೋಟದಲ್ಲಿರುತ್ತದೆ, ರೋಬಸ್ಟಾ ಕುಯ್ಲಿಗೆ ಇನ್ನೊಂದು ತೋಟದಲ್ಲಿರುತ್ತದೆ, ಮಾರ್ಚ್ ಕಳೆದ ಮೇಲೆ ಊರಿಗೆ ಹೊರಟಿರುತ್ತದೆ. ಪಟ್ಟಿಯಲ್ಲಿ ಅವರ ಹೆಸರೇ ಇಲ್ಲದಿದ್ದರೆ ಅವರು ತಪಾಸಣೆಯಾಗದವರ ಲೆಕ್ಕಕ್ಕೂ ಬರುವುದಿಲ್ಲ. ಹೀಗೆ ಅವರನ್ನು ಹೊರಗಿಟ್ಟುಕೊಂಡೇ ಒಂದು ಉಪಕೇಂದ್ರದ ವ್ಯಾಪ್ತಿ ಶೇ 90 ಎಂದು ಕಾಣಿಸಿಕೊಳ್ಳಲು ಸಾಧ್ಯವಿದೆ. ವ್ಯಾಪ್ತಿಯ ಅಂಕಿಯನ್ನೂ ಅನುಮಾನದಿಂದಲೇ ನೋಡಿ ಎಂದು ಹೇಳುವುದು ಇದಕ್ಕಾಗಿ.

ಭಾಷೆ ಇನ್ನೊಂದು ತಡೆ. ರಕ್ತದೊತ್ತಡ ನೋಡಲು ಮಾತು ಹೆಚ್ಚು ಬೇಕಾಗುವುದಿಲ್ಲ, ಆದರೆ ನಾಳೆಯಿಂದ ದಿನಾಲೂ ಮಾತ್ರೆ ತೆಗೆದುಕೊಳ್ಳಬೇಕು, ಮೈಗೆ ಹಾಯೆನಿಸಿದರೂ ನಿಲ್ಲಿಸಬಾರದು ಎಂಬುದನ್ನು ಅವರ ಭಾಷೆಯಲ್ಲಿ ಹೇಳುವವರು ಬೇಕು. ಅದೇ ಲೈನಿನಲ್ಲಿ ಎರಡು ಭಾಷೆಯೂ ಬರುವ ಹುಡುಗಿಯೊಬ್ಬಳು ಸಿಕ್ಕರೆ ನಮ್ಮ ಕೆಲಸ ಅರ್ಧ ಮುಗಿದ ಹಾಗೆ. ಮೊಬೈಲಿಗೆ ಬರುವ ಒಟಿಪಿ ಇಲ್ಲದೆ ಆರೋಗ್ಯ ಖಾತೆ ತೆರೆಯುವುದು ಕಷ್ಟವಾದಾಗ ಕಾಗದದ ಚೀಟಿಯಲ್ಲಿಯೇ ಬಿಪಿ, ಶುಗರ್, ಕೊಟ್ಟ ಮಾತ್ರೆಯ ಹೆಸರು ಇಷ್ಟನ್ನು ಬರೆದುಕೊಡುವುದು ಒಳ್ಳೆಯದು. ಆ ಚೀಟಿ ಅವರೊಂದಿಗೆ ಮುಂದಿನ ತೋಟಕ್ಕೂ ಊರಿಗೂ ಹೋಗುತ್ತದೆ, ನಮ್ಮ ಕಂಪ್ಯೂಟರ್ ಹೋಗುವುದಿಲ್ಲ.

ಹಾಡಿಗಳ, ಅಂದರೆ ಬುಡಕಟ್ಟು ಜನರ ವಸತಿಗಳ, ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಯರವ, ಜೇನುಕುರುಬ, ಬೆಟ್ಟಕುರುಬ, ಕುಡಿಯ ಸಮುದಾಯಗಳ ಆರೋಗ್ಯ ಜಿಲ್ಲೆಯ ಸರಾಸರಿಯೊಳಗೆ ಕಾಣೆಯಾಗಿಬಿಡುತ್ತದೆ. ಕುಡಗೋಲು ಕಣ ರಕ್ತಹೀನತೆ, ಅಂದರೆ ನಾವೆಲ್ಲ ಸಿಕಲ್ ಸೆಲ್ ಎನ್ನುವ ಕಾಯಿಲೆ, ಹುಟ್ಟಿನಿಂದ ಬರುವಂಥದ್ದು ಮತ್ತು ಹೆಚ್ಚಾಗಿ ಬುಡಕಟ್ಟು ಸಮುದಾಯಗಳಲ್ಲಿ ಕಾಣುವಂಥದ್ದು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನದಲ್ಲಿ ಬುಡಕಟ್ಟು ಪ್ರದೇಶಗಳ 40 ವರ್ಷದವರೆಗಿನ ಏಳು ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಡಲಾಗಿದೆ. ಇಂಥ ಕಾಯಿಲೆಯನ್ನು ಜಿಲ್ಲೆಯ ಒಟ್ಟು ಜನಸಂಖ್ಯೆಯಿಂದ ಭಾಗಿಸಿ ಬಹಳ ಕಡಿಮೆ ಇದೆ ಎಂದು ಬರೆದರೆ ಯಾರಿಗೂ ಪ್ರಯೋಜನವಿಲ್ಲ. ಹಾಡಿಯ ಎಷ್ಟು ಮಕ್ಕಳ, ಎಷ್ಟು ತರುಣರ ಪರೀಕ್ಷೆ ಆಗಿದೆ, ಇಬ್ಬರೂ ವಾಹಕರಾಗಿರುವ (ತಮಗೆ ಕಾಯಿಲೆ ಇಲ್ಲದಿದ್ದರೂ ಅದನ್ನು ಮಕ್ಕಳಿಗೆ ದಾಟಿಸಬಲ್ಲ) ದಂಪತಿಗಳಿಗೆ ಸಲಹೆ ಸಿಕ್ಕಿದೆಯೇ ಎಂಬುದೇ ಅಲ್ಲಿ ಕೇಳಬೇಕಾದ ಪ್ರಶ್ನೆ.

ಗಂಡಸರ ಕುರಿತು ಒಂದು ಮಾತು. ನಾವು ಮನೆಗೆ ಹೋಗುವ ಹೊತ್ತಿಗೆ ಅವರು ಕೆಲಸದಲ್ಲಿರುತ್ತಾರೆ, ಅವರು ಮನೆಗೆ ಬರುವ ಹೊತ್ತಿಗೆ ನಮ್ಮ ಕೇಂದ್ರ ಮುಚ್ಚಿರುತ್ತದೆ. ನಿಮ್ಮ ಪಟ್ಟಿಯಲ್ಲಿ ಗಂಡು, ಹೆಣ್ಣು ಬೇರೆ ಬೇರೆ ಇಲ್ಲದಿದ್ದರೆ ಬೇರೆ ಮಾಡಿಸಿಕೊಳ್ಳಿ.

ಉತ್ತರ 3: ಬೆಳೆಗಾರ, ಪೊನ್ನಂಪೇಟೆ ತಾಲ್ಲೂಕು

ತೋಟದ ಮಾಲೀಕನ ಕಡೆಯಿಂದ ಹೇಳಬೇಕಾದದ್ದೂ ಇದೆ. ಕುಯ್ಲಿನ ನಡುವೆ ಶಿಬಿರ ಇಟ್ಟರೆ ಯಾರೂ ಬರುವುದಿಲ್ಲ, ಏಕೆಂದರೆ ಕುಯ್ದ ಹಣ್ಣಿನ ತೂಕಕ್ಕೆ ಕೂಲಿ ಸಿಗುವ ದಿನಗಳವು, ಅರ್ಧ ದಿನ ಬಿಟ್ಟರೂ ನಷ್ಟವಾಗುವುದು ಕಾರ್ಮಿಕನಿಗೆ. ಮಳೆಗಾಲದಲ್ಲಿ ಇಟ್ಟರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾರಿಯೇ ಇರುವುದಿಲ್ಲ. ಸೆಪ್ಟೆಂಬರ್‌ನ ಕೈಲ್ ಪೊಳ್ದ್ ಹಬ್ಬ ಮುಗಿದು ಮಳೆ ಇಳಿದ ಮೇಲೆ ಅರೇಬಿಕಾ ಹಣ್ಣಾಗುವ ಮೊದಲು ಸಿಗುವ ವಾರಗಳು ಸ್ಥಳೀಯ ಕಾರ್ಮಿಕರಿಗೆ ಸರಿಹೋಗುತ್ತವೆ. ಹೊರಗಿನಿಂದ ಬಂದವರು ಆಗ ಇನ್ನೂ ಪೂರ್ತಿ ಬಂದಿರುವುದಿಲ್ಲವಾದ್ದರಿಂದ ಅವರಿಗಾಗಿ ಕುಯ್ಲಿನ ತಿಂಗಳುಗಳಲ್ಲಿಯೇ ಸಂಜೆ ಹೊತ್ತು ಅಥವಾ ವಾರದ ಸಂತೆಯ ದಿನ ಇನ್ನೊಂದು ಬಾರಿ ಏರ್ಪಾಡು ಮಾಡಬೇಕಾಗುತ್ತದೆ.

ತೋಟಗಳಲ್ಲಿ ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ಒದಗಿಸುವುದು ಮಾಲೀಕರ ಉಪಕಾರವಲ್ಲ, 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಅದು ಕಾನೂನಿನ ಮಾತು. ಸಣ್ಣ ಹಿಡುವಳಿಗಳು ಆ ಕಾಯ್ದೆಯ ವ್ಯಾಪ್ತಿಗೆ ಬರದಿದ್ದರೂ ಕರ್ತವ್ಯ ತಪ್ಪುವುದಿಲ್ಲ ಎಂದು ನಾನು ನಂಬುತ್ತೇನೆ. ಪ್ರತಿ ತೋಟದಲ್ಲೂ ಚೆಕ್‌ರೋಲ್ ಪುಸ್ತಕ, ಅಂದರೆ ಕಾರ್ಮಿಕರ ಹಾಜರಿ ಪುಸ್ತಕ, ಇದೆ. ಈ ದಿನ ತೋಟದಲ್ಲಿ ಯಾರು ಯಾರು ಇದ್ದಾರೆ ಎಂಬುದಕ್ಕೆ ಅದಕ್ಕಿಂತ ಸರಿಯಾದ ಪಟ್ಟಿ ಸರ್ಕಾರದ ಬಳಿಯೂ ಇರಲಾರದು. ಪಂಚಾಯಿತಿ ಬೆಳೆಗಾರರನ್ನು ಕರೆದು ಆ ಹೆಸರುಗಳನ್ನು ಆಶಾ ಕಾರ್ಯಕರ್ತೆಗೆ ಕೊಡುವಂತೆಯೂ ತಪಾಸಣೆಗೆ ಹೋದ ಹೊತ್ತಿನ ಕೂಲಿಯನ್ನು ಕಡಿಯದಂತೆಯೂ ಕೇಳಿಕೊಂಡರೆ ಬಹಳಷ್ಟು ಮಂದಿ ಒಪ್ಪುತ್ತಾರೆ. ಸಂಜೆಯ ಕುಡಿತದ ಬಗ್ಗೆಯೂ ಅಲ್ಲಿಯೇ ಮಾತಾಡಬೇಕು. ಅದು ಲೈನಿನಲ್ಲೂ ಇದೆ, ಮಾಲೀಕರ ಮನೆಯಲ್ಲೂ ಇದೆ, ರಕ್ತದೊತ್ತಡವನ್ನು ಎರಡೂ ಕಡೆ ಏರಿಸುತ್ತಿದೆ.

ಉತ್ತರ 4: ಸಮುದಾಯ ವೈದ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ, ಮಡಿಕೇರಿ

ಮೂಲ ಪ್ರಶ್ನೆಯಲ್ಲಿದ್ದ ಪ್ಯಾಕೇಜ್ ವಿಷಯಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ. ಸಾರ್ವಜನಿಕ ಹಣವನ್ನು ಅದಕ್ಕೆ ಹಾಕಬೇಡಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ತೊಂದರೆಯಿಲ್ಲದ ಜನರಿಗೆ ಸಾಮಾನ್ಯ ಆರೋಗ್ಯ ತಪಾಸಣೆ ಮಾಡಿಸುವುದರಿಂದ ಆಯುಷ್ಯ ಹೆಚ್ಚುತ್ತದೆಯೇ ಎಂಬುದನ್ನು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಎರಡೂವರೆ ಲಕ್ಷ ಜನರನ್ನು ಒಳಗೊಂಡ ಪ್ರಯೋಗಗಳ ಆಧಾರದ ಮೇಲೆ ಪರಿಶೀಲಿಸಿ, ಒಟ್ಟು ಸಾವಿನ ಪ್ರಮಾಣ ಕಡಿಮೆಯಾಗಲಿಲ್ಲ ಎಂದು 2019ರಲ್ಲಿ ವರದಿ ಮಾಡಿತು. ಆ ಪ್ರಯೋಗಗಳು ಬಹುಮಟ್ಟಿಗೆ ಶ್ರೀಮಂತ ದೇಶಗಳವು, ಅಲ್ಲಿ ಜನ ಬೇರೆ ದಾರಿಯಿಂದಲೂ ವೈದ್ಯರ ಬಳಿ ಹೋಗುತ್ತಿರುತ್ತಾರೆ, ಆದ್ದರಿಂದ ನಮ್ಮ ಲೈನ್ ಮನೆಗಳಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದರೆ ಪರೀಕ್ಷೆಗಳ ಸಂಖ್ಯೆ ಹೆಚ್ಚಾದಷ್ಟೂ ಆರೋಗ್ಯ ಹೆಚ್ಚುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ ಎಂಬುದು ನಿಜ. ದಕ್ಷಿಣ ಕೊರಿಯಾದಲ್ಲಿ 1999ರಲ್ಲಿ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮ ಆರಂಭವಾದಾಗ ಥೈರಾಯ್ಡ್ ಸ್ಕ್ಯಾನಿಂಗ್ ಅದರೊಳಗೆ ಇರಲಿಲ್ಲ. ಆಸ್ಪತ್ರೆಗಳು ಸ್ವಲ್ಪ ಹೆಚ್ಚು ಹಣಕ್ಕೆ ಅದನ್ನೂ ಸೇರಿಸಿ ಮಾಡತೊಡಗಿದವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರಲ್ಲಿ ಇದ್ದುದರ 15 ಪಟ್ಟಾಯಿತು, ಆದರೆ ಅದರಿಂದ ಸಾಯುವವರ ಪ್ರಮಾಣ ಬದಲಾಗಲಿಲ್ಲ. ಸಾವಿರಾರು ಜನ ಬೇಡದ ಶಸ್ತ್ರಚಿಕಿತ್ಸೆಗೆ ಒಳಗಾದರು. ನೀವು ಮೊದಲಿಗೆ ಕೇಳಿದ ಪ್ರಶ್ನೆಗೂ ಇದು ಉತ್ತರ, ಪತ್ತೆಹಚ್ಚುವ ಕೆಲಸ ಹೆಚ್ಚಿದರೆ ಕಾಯಿಲೆ ಹೆಚ್ಚಿದಂತೆ ಕಾಣುತ್ತದೆ.

ಇದಕ್ಕೆ ಎದುರಾಗಿ, ಪ್ರಯೋಜನವಿದೆಯೆಂದು ನಮ್ಮ ದೇಶದಲ್ಲಿಯೇ ಸಾಬೀತಾದ ಸರಳ ಪರೀಕ್ಷೆಗಳಿವೆ. ತಿರುವನಂತಪುರದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಟಾರ್ಚ್ ಹಿಡಿದು ಬಾಯಿ ತೆರೆಸಿ ನೋಡಿದ ದೊಡ್ಡ ಪ್ರಯೋಗದಲ್ಲಿ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಯಿತು. ಮುಂಬೈನ ಕೊಳೆಗೇರಿಗಳಲ್ಲಿ ವಿನೆಗರ್ ದ್ರಾವಣ ಹಚ್ಚಿ ಗರ್ಭಕೊರಳನ್ನು ನೋಡುವ ವಿಐಎ ಪರೀಕ್ಷೆಯಿಂದ ಗರ್ಭಕೊರಳಿನ ಕ್ಯಾನ್ಸರಿನ ಸಾವು ಶೇ 31ರಷ್ಟು ತಗ್ಗಿತು. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವವರು ಇಷ್ಟೊಂದು ಮಂದಿ ಇರುವ ನಮ್ಮ ತೋಟಗಳಲ್ಲಿ ಬಾಯಿಯ ಪರೀಕ್ಷೆಯನ್ನು ಬಿಟ್ಟು ಕೊಲೆಸ್ಟರಾಲ್, ವಿಟಮಿನ್ ಡಿ ನೋಡುತ್ತ ಕೂರುವುದು ಸರಿಯಲ್ಲ.

ಈ ಪರೀಕ್ಷೆಗಳ ವ್ಯಾಪ್ತಿ ಎಷ್ಟು ಕಡಿಮೆ ಎಂಬುದಕ್ಕೆ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿ. 2019-21ರಲ್ಲಿ ದೇಶದ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕೊರಳಿನ ಪರೀಕ್ಷೆ ಮಾಡಿಸಿಕೊಂಡವರು ಶೇ 1.9, ಸ್ತನ ಪರೀಕ್ಷೆ ಮಾಡಿಸಿಕೊಂಡವರು ಶೇ 0.9. ಬಾಯಿಯ ಪರೀಕ್ಷೆ ಆದವರು ಮಹಿಳೆಯರಲ್ಲಿ ಶೇ 0.9, ಪುರುಷರಲ್ಲಿ ಶೇ 1.2. ನಿಮ್ಮ ಪಟ್ಟಿಯಲ್ಲಿ ತಪಾಸಣೆ ಮುಗಿದಿದೆ ಎಂದಿದ್ದರೆ ಅದು ಬಿಪಿ, ಶುಗರ್‌ಗಳಿಗೆ ಮಾತ್ರವೇ, ಈ ಮೂರು ಕ್ಯಾನ್ಸರ್‌ಗಳಿಗೂ ಸೇರಿಯೇ ಎಂದು ತಪ್ಪದೆ ಕೇಳಿ. ಮರೆ ಇರುವ ಒಂದು ಕೋಣೆ, ತರಬೇತಿ ಪಡೆದ ದಾದಿ, ಒಳ್ಳೆಯ ದೀಪ ಇಷ್ಟಿಲ್ಲದೆ ಗರ್ಭಕೊರಳಿನ ಪರೀಕ್ಷೆ ನಡೆಯುವುದಿಲ್ಲ. ಶಾಲೆಯ ಜಗುಲಿಯಲ್ಲಿ ಮೇಜು ಹಾಕಿದ ಶಿಬಿರದಲ್ಲಿ ಯಾವ ಹೆಂಗಸೂ ಅದಕ್ಕೆ ಒಪ್ಪಲಾರಳು, ಒಪ್ಪಬೇಕೆಂದು ನಿರೀಕ್ಷಿಸುವುದೂ ತಪ್ಪು.

ಕ್ಯಾನ್ಸರಿನ ಅಂಕಿಗಳ ಬಗ್ಗೆ ಇನ್ನೂ ಒಂದು ಎಚ್ಚರಿಕೆ. ಬೆಂಗಳೂರಿನಲ್ಲಿ 1982ರಿಂದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ನಡೆಸುತ್ತಿರುವ ಕ್ಯಾನ್ಸರ್ ರೋಗಿಗಳ ನೋಂದಣಿ ಆ ನಗರದ ಜನರಲ್ಲಿ ಕಾಣುವ ಹೊಸ ಪ್ರಕರಣಗಳ ಪ್ರಮಾಣವನ್ನು ಕೊಡುತ್ತದೆ. ನಮ್ಮ ಜಿಲ್ಲೆಯವರು ಚಿಕಿತ್ಸೆಗೆ ಮೈಸೂರಿಗೂ ಮಂಗಳೂರಿಗೂ ಬೆಂಗಳೂರಿಗೂ ಹೋಗುತ್ತಾರೆ, ಹಾಗಾಗಿ ಇಲ್ಲಿನ ಒಂದು ಆಸ್ಪತ್ರೆಯ ದಾಖಲೆಯಿಂದ ಕೊಡಗಿನ ಕ್ಯಾನ್ಸರ್ ಪ್ರಮಾಣವನ್ನು ಹೇಳಹೊರಟರೆ ಅದು ಊಹೆಯಾಗುತ್ತದೆ.

ಮರುಪ್ರಶ್ನೆ: ಗ್ರಾಮ ಪಂಚಾಯಿತಿ ಸದಸ್ಯೆ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಸಭೆಯಲ್ಲಿ ಏನು ಹೇಳಬೇಕೆಂಬುದು ಈಗ ಸ್ಪಷ್ಟವಾಗಿದೆ. ಪ್ಯಾಕೇಜ್ ಬೇಡವೆಂದು ಹೇಳುತ್ತೇನೆ, ಬೆಳೆಗಾರರ ಸಭೆಯನ್ನು ಅಧ್ಯಕ್ಷರ ಮೂಲಕ ಕರೆಸುತ್ತೇನೆ. ಆರೋಗ್ಯ ಇಲಾಖೆಯಿಂದ ಹೊಸ ಪಟ್ಟಿ ಕೇಳುವಾಗ ಯಾವ ಯಾವ ಅಂಕಣಗಳು ಇರಬೇಕೆಂದು ಡಾಕ್ಟರ್ ಅವರು ತಿಳಿಸಿದರೆ ಅದನ್ನೇ ಪತ್ರದಲ್ಲಿ ಬರೆಯುತ್ತೇನೆ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಆರಂಭಿಸಿದ ಗೃಹ ಆರೋಗ್ಯ ಯೋಜನೆಯಡಿ ಮನೆಮನೆಗೆ ಬಂದು ತಪಾಸಣೆ ಮಾಡುತ್ತಾರಲ್ಲ, ಪಂಚಾಯಿತಿ ಪ್ರತ್ಯೇಕವಾಗಿ ಏನನ್ನಾದರೂ ಮಾಡಬೇಕಾದ ಅಗತ್ಯವೇ ಇಲ್ಲ ಎಂಬ ಮಾತೂ ಬರಬಹುದು. ಅದಕ್ಕೇನು ಹೇಳಲಿ?

ಉತ್ತರ 5: ನಿವೃತ್ತ ವೈದ್ಯಾಧಿಕಾರಿ, ವಿರಾಜಪೇಟೆ

ಮನೆಪಟ್ಟಿಯಲ್ಲಿ ಇಲ್ಲದ ಮನೆಗೆ ಯಾವ ಯೋಜನೆಯೂ ಹೋಗುವುದಿಲ್ಲ, ಆ ಪಟ್ಟಿಯನ್ನು ಪೂರ್ತಿ ಮಾಡಿಕೊಡುವುದು ಪಂಚಾಯಿತಿಯಿಂದ ಮಾತ್ರ ಆಗುವ ಕೆಲಸ ಎಂದು ಹೇಳಿ. ಬ್ರಿಟನ್ನಿನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ ಅವರು ವೇಲ್ಸ್‌ನ ಗಣಿ ಕಾರ್ಮಿಕರ ನಡುವೆ ಕೆಲಸ ಮಾಡುತ್ತ, ವೈದ್ಯಕೀಯ ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಎಂಬುದನ್ನು 1971ರಲ್ಲಿ ಬರೆದರು. ತಾನಾಗಿ ಬಿಟ್ಟರೆ ಇಲ್ಲಿಯೂ ಹಾಗೆಯೇ ಆಗುತ್ತದೆ, ಪೇಟೆಯ ಹತ್ತಿರದವರಿಗೆ ಎರಡನೆಯ ಬಾರಿ ತಪಾಸಣೆಯಾಗುತ್ತದೆ, ಲೈನ್ ಮನೆಗೆ ಮೊದಲ ಬಾರಿಯೂ ಆಗುವುದಿಲ್ಲ.

ಪತ್ರದಲ್ಲಿ ಪ್ರತಿ ಉಪಕೇಂದ್ರಕ್ಕೂ ಮೂವತ್ತು ದಾಟಿದವರ ಅಂದಾಜು ಸಂಖ್ಯೆಯನ್ನು, ಅದರಲ್ಲಿ ವಲಸೆ ಕಾರ್ಮಿಕರನ್ನು ಸೇರಿಸಲಾಗಿದೆಯೇ ಎಂಬುದನ್ನು ಮೊದಲು ಕೇಳಿ. ಬಳಿಕ ಪರೀಕ್ಷೆಯಾದವರು, ಮಿತಿ ಮೀರಿ ಕಂಡವರು, ಎರಡನೆಯ ಬಾರಿ ನೋಡಿ ಕಾಯಿಲೆ ಖಚಿತವಾದವರು, ಚಿಕಿತ್ಸೆ ಆರಂಭಿಸಿದವರು, ಕಳೆದ ಮೂರು ತಿಂಗಳಲ್ಲಿ ಬಂದು ಮಾತ್ರೆ ಪಡೆದವರು, ಹತೋಟಿಯಲ್ಲಿರುವವರು ಎಂಬ ಕ್ರಮದಲ್ಲಿ, ಗಂಡು ಹೆಣ್ಣು ಮತ್ತು ಮೂರು ವಯೋಮಾನಗಳನ್ನು ಬೇರೆಯಾಗಿಸಿ ಕೇಳಿ. ಶಿಬಿರದಲ್ಲಿ ಒಮ್ಮೆ ಬಿಪಿ 140/90 ದಾಟಿದರೆ ಅಥವಾ ಬೆರಳಿನ ರಕ್ತದಲ್ಲಿ ಸಕ್ಕರೆ 140 ದಾಟಿದರೆ ಅದು ಮುಂದಿನ ಪರೀಕ್ಷೆಗೆ ಕಳುಹಿಸಲು ಕಾರಣವೇ ಹೊರತು ಕಾಯಿಲೆಯ ತೀರ್ಮಾನವಲ್ಲ, ಆದ್ದರಿಂದ ಮಿತಿ ಮೀರಿದವರನ್ನೂ ಖಚಿತವಾದವರನ್ನೂ ಒಂದೇ ಅಂಕಣದಲ್ಲಿ ಕೂಡಿಸಿದ ಪಟ್ಟಿಯನ್ನು ಒಪ್ಪಬೇಡಿ. ಮೂರು ಕ್ಯಾನ್ಸರ್‌ಗಳ ಪರೀಕ್ಷೆಗೆ ಪ್ರತ್ಯೇಕ ಸಾಲುಗಳಿರಲಿ. ಆ ಪಟ್ಟಿ ಬಂದಾಗ ಎಲ್ಲಿ ಅಂಕಿ ದೊಡ್ಡದು ಎಂದು ಹುಡುಕುವ ಬದಲು ಒಂದು ಅಂಕಣದಿಂದ ಮುಂದಿನ ಅಂಕಣಕ್ಕೆ ಹೋಗುವಾಗ ಯಾವ ಊರಿನಲ್ಲಿ ಜನ ಹೆಚ್ಚಾಗಿ ಕಳೆದುಹೋಗುತ್ತಿದ್ದಾರೆ ಎಂದು ನೋಡಿ, ಪಂಚಾಯಿತಿಯ ಹಣವನ್ನು ಅಲ್ಲಿಗೆ ಹಾಕಿ. ಪರೀಕ್ಷೆಗೇ ಬಾರದವರು ಹೆಚ್ಚಿದ್ದರೆ ಸಂಜೆಯ ಶಿಬಿರಕ್ಕೆ ಜೀಪಿನ ಬಾಡಿಗೆ ಕೊಡಿ, ಪರೀಕ್ಷೆಯಾಗಿಯೂ ಮಾತ್ರೆ ಒಯ್ಯದವರು ಹೆಚ್ಚಿದ್ದರೆ ತಿಂಗಳಿಗೊಮ್ಮೆ ಮಾತ್ರೆಯನ್ನು ಲೈನ್ ಮನೆಗೇ ತಲುಪಿಸುವ ಏರ್ಪಾಡಿಗೆ ಕೊಡಿ.